ಅದು ಪುಸ್ತಕದ ನಾಯಿ ಅಂತ ಮನೆಯಲ್ಲಿ ಹೇಳಿಬಿಡಿ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ಸಿಟ್ಟು ಬಂತು. ಮೊದಲ ಸಲ ಓದಿದಾಗ ಬರೆದವರ ಮನೆಯವರ ಮೇಲೆ. ಎರಡನೇ ಸಲ ಓದಿದಾಗ ಬರೆದವರ ಮೇಲೂ ಸ್ವಲ್ಪ. ಮಿಕ್ಕ ಪತ್ರಗಳನ್ನು ಮುಂದಿನ ವಾರ ನೋಡೋಣ. ಇವತ್ತು ಇದೊಂದೇ.

ವಿಷಯ ಇಷ್ಟು. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ, ಹಳೇ ಹೆಂಚಿನ ಮನೆ. ತೊಲೆಗೆ ಗೆದ್ದಲು ಹಿಡಿದು ಕೆಡವಲೇಬೇಕಾಯಿತು. ಅದೇ ಜಾಗದಲ್ಲಿ ಹೊಸ ಮನೆ ಏಳುತ್ತಿದೆ. ಅಲ್ಲಿಯವರೆಗೆ ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ. ಗಂಡ, ಹೆಂಡತಿ, ಎಂಟನೇ ಕ್ಲಾಸಿನ ಮಗ, ಐದನೇ ಕ್ಲಾಸಿನ ಮಗಳು, 76 ವರ್ಷದ ಅತ್ತೆ. ಏಪ್ರಿಲ್‌ನಲ್ಲಿ ಬಂದು ಹಾಲುಕ್ಕಿಸಿದ್ದಾರೆ.

ಸಾಮಾನು ಕಟ್ಟುವಾಗ ಗಂಡ ಬಾಕ್ಸ್‌ಗಳ ಮೇಲೆ ಮಾರ್ಕರ್‌ನಲ್ಲಿ ‘ಅಡುಗೆ’, ‘ಪೂಜೆ’, ‘ಮಕ್ಕಳು’ ಅಂತ ಬರೆದರಂತೆ. ಹೆಂಡತಿಯ ಕಾದಂಬರಿಗಳು ತುಂಬಿದ ಏಳು ಬಾಕ್ಸ್‌ಗಳ ಮೇಲೆ ‘ಇತರೆ’. ಬೇರೆ ಎಲ್ಲ ಬಿಚ್ಚಿ ಆಯಿತು. ‘ಇತರೆ’ ಮಾತ್ರ ಹಿಂದಿನ ರೂಮಿನ ಗೋಡೆಗೆ ಒತ್ತಿಕೊಂಡು ಹಾಗೇ ಇದೆ. ‘ಎಲ್ಲ ಒಂದ್ಸಲ ಓದಿರೋದೇ ಅಲ್ವಾ, ಹೊಸ ಮನೆಗೆ ಹೋದಮೇಲೆ ನೋಡೋಣ’ ಅನ್ನುವುದು ಗಂಡನ ಮಾತು. ಬೆಂಗಳೂರಿನ ನಾದಿನಿ ದಿನಾ ಸಂಜೆ ಫೋನ್ ಮಾಡಿ ‘ಹತ್ತು ತಿಂಗಳಿಗೋಸ್ಕರ ಅದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟೋರು ಯಾರು ಅತ್ತಿಗೆ?’ ಅನ್ನುತ್ತಾರೆ. ಪತ್ರ ಬರೆದವರ ಪ್ರಶ್ನೆ: ಅಡ್ಜಸ್ಟ್ ಮಾಡಿಕೊಂಡು ಸುಮ್ಮನಿರಲಾ, ಕಪಾಟು ತೆಗೆದುಕೊಡಿ ಅಂತ ಹಠ ಹಿಡಿಯಲಾ?

ಎರಡೂ ಬೇಡ. ಯಾಕೆಂದರೆ ನೀವು ಕೇಳಿರುವ ಪ್ರಶ್ನೆಯೇ ನಿಮ್ಮ ಪತ್ರದ ಮುಖ್ಯ ವಿಷಯ ಅಲ್ಲ.

ನಾಲ್ಕು ಪುಟ ಬರೆದಿದ್ದೀರಿ. ಒಂದು ಪುಟ ಪೂರ್ತಿ ಇಷ್ಟದ ಕಾದಂಬರಿಗಳ ಪಟ್ಟಿ. ಚೆನ್ನಾಗಿದೆ, ನನಗೂ ಅವುಗಳಲ್ಲಿ ಅರ್ಧಕ್ಕರ್ಧ ಇಷ್ಟವೇ. ಒಂದು ಪುಟ ಗಂಡನ ಮೇಲೆ ದೂರು. ಒಂದು ಪುಟ ಮನೆ ಓನರ್ ಬಗ್ಗೆ. ಗೋಡೆಗೆ ಮೊಳೆ ಹೊಡೆಯಬಾರದು ಅನ್ನುತ್ತಾರೆ, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಹಾಕುತ್ತಾರೆ ಅಂತ. ಓನರ್ ಅಂದಮೇಲೆ ಅಷ್ಟೂ ಇರುವುದಿಲ್ಲವೇ? ಅವರನ್ನು ಬಿಡಿ. ನಾಲ್ಕನೇ ಪುಟದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲುಗಳು ಹೀಗಿವೆ:

‘ಅತ್ತೆಗೂ ಈಗೀಗ ಅರಳುಮರಳು ಅಂತ ಇವರು, ನಾದಿನಿ ಇಬ್ಬರೂ ಹೇಳುತ್ತಾರೆ. ರಾತ್ರಿ ನಿದ್ದೆ ಮಾಡುವುದಿಲ್ಲ. ಹುಲಿಯಂಗೆ ಯಾರಾರೂ ಅನ್ನ ಹಾಕಿದ್ರೇನೆ ಅಂತ ಕೇಳುತ್ತಾರೆ. ನಮ್ಮಲ್ಲಿ ನಾಯಿ ಇಲ್ಲ. ಅದು ಮದುಮಗಳು ಪುಸ್ತಕದ ನಾಯಿ. ಅವರಿಗೆ ಕಣ್ಣಿನ ಪೊರೆ, ಊರಲ್ಲಿದ್ದಾಗ ರಾತ್ರಿ ನಾನೇ ಓದಿ ಹೇಳುತ್ತಿದ್ದೆ. ಇಲ್ಲಿಗೆ ಬರುವ ಗಡಿಬಿಡಿಯಲ್ಲಿ ಅರ್ಧಕ್ಕೆ ನಿಂತಿತು. ಇವರಿಗೆ ಹೇಳಿದರೆ ನಗುತ್ತಾರೆ ಅಂತ ನಾನು ಏನೂ ಹೇಳಿಲ್ಲ.’

ಅಲ್ಲಮ್ಮಾ, ಇದನ್ನು ಅಂಚಿನಲ್ಲಿ ಬರೆಯುವುದಾ?

ಮನೆಯ ಹಿರಿಯ ಹೆಂಗಸಿಗೆ ತಲೆ ಕೆಟ್ಟಿದೆ ಅಂತ ಇಬ್ಬರು ಮಕ್ಕಳು ತೀರ್ಮಾನ ಮಾಡಿ ಆಗಿದೆ. ಹಾಗಲ್ಲ ಅಂತ ಗೊತ್ತಿರುವುದು ಮನೆಯಲ್ಲಿ ಒಬ್ಬರಿಗೇ. ಆ ಒಬ್ಬರು ನಗುತ್ತಾರೆ ಅನ್ನುವ ನಾಚಿಕೆಗೆ ಬಾಯಿ ಮುಚ್ಚಿಕೊಂಡು ಕಪಾಟಿನ ಬಗ್ಗೆ ನನಗೆ ಪತ್ರ ಬರೆಯುತ್ತಿದ್ದಾರೆ. ನಿಮ್ಮ ಮೇಲೆ ನನಗೆ ಪ್ರೀತಿ ಇದೆ. ಓದುವ ಹೆಂಗಸರು ಅಂದರೆ ನನಗೆ ಯಾವತ್ತೂ ಒಂದು ಕೈ ಜಾಸ್ತಿ. ಆದರೆ ಇದು ಸರಿ ಹೋಗಲಿಲ್ಲ.

ಹುಲಿಯ ಯಾರು ಅಂತ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಕತೆ ನಡೆಯುವುದು 19ನೇ ಶತಮಾನದ ಕೊನೆಯ ಹೊತ್ತಿನ ತೀರ್ಥಹಳ್ಳಿ ಸೀಮೆಯಲ್ಲಿ. ಸಿಂಬಾವಿ ಹೆಗ್ಗಡೆಯವರ ಮನೆಯ ಜೀತದಾಳು ಗುತ್ತಿ. ಅವನ ಬೆನ್ನಿಗೇ ಇರುವ ದೊಡ್ಡ ನಾಯಿ ಹುಲಿಯ. ಅದರಿಂದಾಗಿ ಅವನಿಗೆ ನಾಯಿಗುತ್ತಿ ಅಂತಲೇ ಹೆಸರು. ಏಳುನೂರು ಪುಟ ದಾಟುವ ಈ ಕಾದಂಬರಿಯಲ್ಲಿ ಹೆಗ್ಗಡೆಗಳಿದ್ದಾರೆ, ಪಾದ್ರಿ ಇದ್ದಾನೆ, ಘಟ್ಟದ ಕೆಳಗಿನಿಂದ ಬಂದ ಆಳುಗಳಿದ್ದಾರೆ, ಮದುವೆಗಳಿವೆ, ಓಡಿಹೋಗುವವರಿದ್ದಾರೆ. ಇಷ್ಟು ಜನರ ನಡುವೆ ನಿಮ್ಮ ಅತ್ತೆ ನೆನಪಿಟ್ಟುಕೊಂಡು ಕೇಳುತ್ತಿರುವುದು ನಾಯಿಯ ಊಟವನ್ನು. ಕೇಳುವಾಗ ಹೆಸರೂ ತಪ್ಪಿಲ್ಲ. ನಾಲ್ಕು ತಿಂಗಳ ಹಿಂದೆ ನಿಂತ ಕತೆ ಇದು! ಇದು ಮರೆವಾದರೆ ನಮ್ಮಂಥವರ ನೆನಪಿಗೆ ಏನು ಹೆಸರಿಡೋಣ?

ಯೋಚನೆ ಮಾಡಿ. ಜೀವಮಾನವಿಡೀ ರಾತ್ರಿ ಪಾತ್ರೆ ತೊಳೆಯುವ ಮೊದಲು ಹಿತ್ತಲ ಬಾಗಿಲಲ್ಲಿ ನಿಂತು ನಾಯಿಗೆ ಅನ್ನ ಹಾಕಿದವರು ಇರಬೇಕು ಅವರು. ಮಲೆನಾಡಿನ ಯಾವ ಮನೆಯಲ್ಲಿ ಹಾಕುವುದಿಲ್ಲ? ಈಗ ಮೊದಲನೇ ಮಹಡಿಗೆ ಬಂದಿದ್ದಾರೆ. ಹಿತ್ತಲಿಲ್ಲ. ಕೊಟ್ಟಿಗೆ ಇಲ್ಲ. ಬೆಳಗ್ಗೆ ಎದ್ದು ಬಚ್ಚಲ ಒಲೆಗೆ ಬೆಂಕಿ ಮಾಡಿ ಹಂಡೆ ಕಾಯಿಸುವ ಕೆಲಸವಿತ್ತು, ಈಗ ಅದನ್ನು ಗೀಸರಿನ ಸ್ವಿಚ್ಚು ಮಾಡುತ್ತದೆ. ಜಗಲಿಯಲ್ಲಿ ಕೂತರೆ ಹೋಗುವವರು ಬರುವವರು ಮಾತಾಡಿಸುತ್ತಿದ್ದರು. ಬಾಲ್ಕನಿಯಲ್ಲಿ ಕೂರೋಣ ಅಂದರೆ ಈ ಮಳೆಯಲ್ಲಿ ಒಣಗದ ಬಟ್ಟೆ ಮುಖಕ್ಕೆ ಬಡಿಯುತ್ತದೆ. ಮಕ್ಕಳಿಗೆ ಶಾಲೆ ಇದೆ, ನಿಮ್ಮ ಗಂಡನಿಗೆ ಮನೆ ಕಟ್ಟಿಸುವ ತಲೆಬಿಸಿ ಇದೆ, ನಿಮಗೆ ಅಡುಗೆಮನೆ ಇದೆ. ಅವರಿಗೆ ಉಳಿದದ್ದು ಒಂದು ಕತೆ. ಅದನ್ನೂ ಅರ್ಧಕ್ಕೆ ನಿಲ್ಲಿಸಿ ಟೇಪು ಸುತ್ತಿ ಮೂಲೆಗೆ ಇಟ್ಟಿರಿ.

ಅದೂ ಎಂಥ ಕತೆ! ಮೇಗರವಳ್ಳಿ ಬರುತ್ತದೆ ಅದರಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮೇಗರವಳ್ಳಿ. ನಿಮ್ಮ ಅತ್ತೆಗೆ ಅದು ಪುಸ್ತಕದ ಊರಲ್ಲ, ನೆಂಟರ ಮನೆಗೆ ಹೋಗುವಾಗ ಬಸ್ಸು ನಿಲ್ಲುವ ಜಾಗ. ನೀವು ಓದುತ್ತಿದ್ದರೆ ಅವರು ಮನಸ್ಸಿನಲ್ಲೇ ಆ ಗುಡ್ಡ ಹತ್ತಿ ಇಳಿಯುತ್ತಿದ್ದರು ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ಕಾಲಿಗೆ ಇಂಬಳ ಹತ್ತಿದ್ದು, ಹಳ್ಳ ದಾಟಿದ್ದು, ಎಲ್ಲ ಅವರ ಅನುಭವದ್ದೇ. ಬಾಡಿಗೆ ಮನೆಯಿಂದ ದಿನಾ ರಾತ್ರಿ ಅರ್ಧ ಗಂಟೆ ಊರಿಗೆ ಹೋಗಿಬರುವ ದಾರಿ ನಿಮ್ಮ ಹಿಂದಿನ ರೂಮಿನಲ್ಲೇ ಇತ್ತು.

ಈ ಅಂಕಣ ಓದುವವರಿಗೆ ನನ್ನ ಒಂದು ಹಳೇ ಹಟ ಗೊತ್ತು. ಹೊಸ ಮನೆಗೆ ಹೋದಾಗ ಮೊದಲು ಗೊತ್ತು ಮಾಡಬೇಕಾದದ್ದು ಯಾವ ಸಾಮಾನು ಎಲ್ಲಿ ಅಂತಲ್ಲ, ಯಾರು ಎಲ್ಲಿ ಕೂರುತ್ತಾರೆ ಅಂತ. ಸ್ವಂತ ಮನೆಯಾಗಲಿ, ಬಾಡಿಗೆ ಮನೆಯಾಗಲಿ. ನಿಮ್ಮ ಪತ್ರದಲ್ಲಿ ಟಿವಿ ಎಲ್ಲಿದೆ ಅಂತ ಇದೆ, ಫ್ರಿಜ್ ಅಡುಗೆಮನೆಗೆ ಹಿಡಿಯದೆ ಹಾಲ್‌ನಲ್ಲಿದೆ ಅಂತ ಇದೆ. ಅತ್ತೆ ಎಲ್ಲಿ ಕೂರುತ್ತಾರೆ ಅಂತ ಇಲ್ಲ. ಅವರಿಗೊಂದು ಜಾಗ ಮಾಡಿ. ಕಿಟಕಿ ಪಕ್ಕ, ಒರಗಿಕೊಳ್ಳಲು ದಿಂಬು, ಕಾಲ ಕೆಳಗೆ ಚಾಪೆ. ನಿಮಗೆ ಓದಲು ತಲೆಯ ಮೇಲೆ ಬಲ್ಬು. ಇದಕ್ಕೆ ಮೊಳೆ ಬೇಕಾಗಿಲ್ಲ, ಓನರ್ ಗೊಣಗುವುದಿಲ್ಲ.

ಈಗ ನಿಮ್ಮ ಗಂಡನ ವಿಷಯ. ನಾನು ಅವರನ್ನು ಬೈಯುತ್ತೇನೆ ಅಂತ ನೀವು ಕಾಯುತ್ತಿರಬಹುದು. ಬೈಯುವುದಿಲ್ಲ. ವಾರಕ್ಕೆರಡು ಸಲ 60 ಕಿಲೋಮೀಟರ್ ಆಚೆ ಹೋಗಿ ಮೇಸ್ತ್ರಿ ಹತ್ತಿರ ಜಗಳ ಆಡಿ, ಮಳೆಯಲ್ಲಿ ನೆನೆದು ವಾಪಸ್ ಬರುವ ಮನುಷ್ಯ. ಕಬ್ಬಿಣ, ಸಿಮೆಂಟು, ಅಡಿಕೆ ರೇಟು ಇವೇ ಅವರ ತಲೆಯಲ್ಲಿ ಓಡುತ್ತಿರುತ್ತವೆ. ಬಾಕ್ಸ್ ಮೇಲೆ ‘ಇತರೆ’ ಅಂತ ಬರೆದದ್ದು ಬೇಜವಾಬ್ದಾರಿ, ಒಪ್ಪುತ್ತೇನೆ. ಆದರೆ ನಿಮ್ಮ ಸಾಮಾನಿನ ಬಾಕ್ಸ್ ಮೇಲೆ ನೀವೇ ಯಾಕೆ ಬರೆಯಲಿಲ್ಲ? ಅವರ ತಾಯಿ ಕೇಳುತ್ತಿರುವ ನಾಯಿ ಯಾವುದು ಅಂತ ಅವರಿಗೆ ಗೊತ್ತಾದರೆ ನಗುತ್ತಾರೆ ಅಂತೀರಿ. ನಗಲಿ ಬಿಡಿ. ಅಮ್ಮನಿಗೆ ಏನೋ ಆಗುತ್ತಿದೆ ಅಂತ ಒಳಗೊಳಗೇ ಹೆದರಿಕೊಂಡಿರುವ ಮಗ ಸ್ವಲ್ಪ ನಕ್ಕರೆ ನಷ್ಟ ಏನು?

ನನ್ನ ಸಿಟ್ಟೆಲ್ಲ ನಾದಿನಿಯ ಮೇಲೆ. ಇನ್ನೂರೈವತ್ತು ಮುನ್ನೂರು ಕಿಲೋಮೀಟರ್ ದೂರ ಕೂತು, ದಿನಕ್ಕೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ, ತಾಯಿಗೆ ಅರಳುಮರಳು ಅಂತ ಹೇಳಲು ಅವರು ಯಾವ ಡಾಕ್ಟರು? ಯಾವ ಬಾಕ್ಸ್ ಬಿಚ್ಚಬೇಕು, ಯಾವುದು ಬಿಚ್ಚಬಾರದು ಅಂತ ತೀರ್ಮಾನ ಮಾಡುವುದೂ ಅವರೇ. ಫೋನಿನಲ್ಲಿ ಸಂಸಾರ ನಡೆಸುವವರ ಬಗ್ಗೆ ನಾನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಬಂದು ಒಂದು ವಾರ ಇರಲಿ. ರಾತ್ರಿ ತಾಯಿಯ ಪಕ್ಕ ಮಲಗಲಿ. ಆಮೇಲೆ ಹೇಳಲಿ. ಪಾಪ, ಅವರಿಗೂ ದೂರ ಇರುವ ಸಂಕಟ ಇರುತ್ತದೆ ಅಂತ ನೀವು ಅನ್ನಬಹುದು. ಇರಬಹುದು. ಸಂಕಟ ಇರುವವರು ‘ಅಮ್ಮನಿಗೆ ಏನು ಬೇಕಂತೆ’ ಅಂತ ಕೇಳುತ್ತಾರೆ.

ಒಂದು ಎಚ್ಚರಿಕೆ ಮಾತ್ರ. ವಯಸ್ಸಾದವರಿಗೆ ಮನೆ ಬದಲಾದರೆ ಗಲಿಬಿಲಿ ಆಗುವುದು ಇದ್ದದ್ದೇ. ರಾತ್ರಿ ಎದ್ದಾಗ ಬಚ್ಚಲು ಯಾವ ಕಡೆ ಅಂತ ತಿಳಿಯದೆ ನಿಲ್ಲುತ್ತಾರೆ. ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಹಗಲು ಹೊತ್ತಲ್ಲೂ ಮನೆಯವರ ಗುರುತು ಸಿಗದಿದ್ದರೆ, ಉಂಡದ್ದು ಮರೆತರೆ, ಗ್ಯಾಸ್ ಹಚ್ಚಿ ಬಿಟ್ಟುಬಂದರೆ ಆಗ ಡಾಕ್ಟರ ಹತ್ತಿರ ಹೋಗಿ, ತಡ ಮಾಡಬೇಡಿ. ಅದಕ್ಕಿಂತ ಮೊದಲು ಕಣ್ಣು ತೋರಿಸಿ. ಊರಲ್ಲಿದ್ದಾಗ ‘ತೋಟದ ಕೆಲಸ ಮುಗೀಲಿ’ ಅಂತ ಮುಂದೆ ಹಾಕಿರುತ್ತೀರಿ. ಈಗ ಶಿವಮೊಗ್ಗದಲ್ಲೇ ಇದ್ದೀರಿ, ಮೆಗ್ಗಾನ್ ಆಸ್ಪತ್ರೆಗೆ ಆಟೋದಲ್ಲಿ ಹೋಗಿಬರಬಹುದು. ಪೊರೆಯ ಆಪರೇಷನ್ನಿಗೆ ಈಗ ಬಹಳ ಹೊತ್ತು ಹಿಡಿಯುವುದಿಲ್ಲ, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಬಾಡಿಗೆ ಮನೆಯಿಂದ ನಿಮ್ಮ ಕುಟುಂಬಕ್ಕೆ ಆಗುವ ದೊಡ್ಡ ಲಾಭ ಇದೇ ಆದರೂ ಆಗಬಹುದು.

ಇನ್ನು ಆ ಹತ್ತು ತಿಂಗಳು. ಏಪ್ರಿಲ್‌ನಲ್ಲಿ ಕೆಡವಿ ಮೇ ಕೊನೆಗೆ ಪಾಯ ಮುಗಿಸಿದ್ದೀರಿ. ಆಮೇಲೆ ಆಗುಂಬೆ ಕಡೆಯ ಮಳೆ ಹಿಡಿಯಿತು. ಮೇಸ್ತ್ರಿ ‘ದಸರಾ ಕಳೀಲಿ’ ಅಂದಿದ್ದಾರೆ. ಮಲೆನಾಡಿನ ಮೇಸ್ತ್ರಿ ದಸರಾ ಅಂದರೆ ದೀಪಾವಳಿ, ದೀಪಾವಳಿ ಅಂದರೆ ಸಂಕ್ರಾಂತಿ. ಆ ಹೊತ್ತಿಗೆ ಅಡಿಕೆ ಕೊಯ್ಲು, ಆಳು ಸಿಗುವುದಿಲ್ಲ. ನಿಮ್ಮ ಬಾಡಿಗೆ ಅಗ್ರಿಮೆಂಟು ತೆಗೆದು ನೋಡಿ, 11 ತಿಂಗಳು ಅಂತ ಇರುತ್ತದೆ. ಒಂದು ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಲೇಬೇಕು ಅನ್ನುವ ಕಾರಣಕ್ಕೆ ಎಲ್ಲರೂ ಹಾಗೆ ಬರೆಸುತ್ತಾರೆ. ಬರೆಸಿ, ಮುಗಿದ ಮೇಲೆ ಇನ್ನೊಂದು 11 ತಿಂಗಳು ಬರೆಸುತ್ತಾರೆ. ನೀವೂ ಬರೆಸುತ್ತೀರಿ, ಈಗಲೇ ಹೇಳಿರುತ್ತೇನೆ. ಹೊಸ ಮನೆಗೆ ಹೋದಮೇಲೆ ಓದೋಣ ಅನ್ನುವ ಮಾತನ್ನು 76 ವರ್ಷದವರ ಮುಂದೆ ಯಾರೂ ಆಡಬಾರದು.

ಆದ್ದರಿಂದ ಮಾಡಬೇಕಾದದ್ದು ಒಂದೇ. ಇದನ್ನು ಓದಿದ ದಿನವೇ, ರಾತ್ರಿ ಊಟ ಆದಮೇಲೆ, ಗಂಡ ಮಕ್ಕಳು ಎಲ್ಲರೂ ಹಾಲ್‌ನಲ್ಲಿ ಇರುವಾಗ, ಮದುಮಗಳು ಇರುವ ಬಾಕ್ಸ್ ಬಿಚ್ಚಿ. ಯಾವ ಬಾಕ್ಸ್ ಅಂತ ಗೊತ್ತಿಲ್ಲದಿದ್ದರೆ ಏಳನ್ನೂ ಬಿಚ್ಚಿ. ‘ಅತ್ತೆ ಕೇಳ್ತಿದ್ದ ಹುಲಿಯ ಇದರಲ್ಲಿದೆ’ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಟಿವಿ ಆರಿಸಿ. ನಿಲ್ಲಿಸಿದ ಪುಟದಿಂದ ಗಟ್ಟಿಯಾಗಿ ಓದಿ. ಅತ್ತೆ ಮೊದಲಿನದ್ದು ಮರೆತಿದ್ದರೆ ಎರಡು ಅಧ್ಯಾಯ ಹಿಂದಕ್ಕೆ ಹೋಗಿ. ಮರೆತಿರುವುದಿಲ್ಲ ಅಂತ ನನ್ನ ಅಂದಾಜು, ನೀವೇ ಮರೆತಿರುತ್ತೀರಿ. ದಿನಾ ಅರ್ಧ ಗಂಟೆ ಸಾಕು. ಈ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದವರು ನಾಟಕ ಮಾಡಿದಾಗ ಜನ ಕಂಬಳಿ ಹೊದ್ದು ರಾತ್ರಿಯಿಡೀ ಕೂತು ನೋಡಿದ್ದಾರೆ. ನಿಮ್ಮ ಮನೆಯವರು ಅರ್ಧ ಗಂಟೆ ಸೋಫಾ ಮೇಲೆ ಕೂರಲಾರರೇ?

ನಿಮ್ಮ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಪುಸ್ತಕ ‘ನನ್ನ ಪ್ರಾಣ’ ಅಂತ ನೀವು ಹೇಳುವವರೆಗೂ ಅದು ನಿಮ್ಮೊಬ್ಬರ ಹುಚ್ಚು. ಮನೆಯವರು ಸಹಿಸಬೇಕಾದ ಹುಚ್ಚು. ಮನೆ ಮಂದಿ ಕೂತು ಕೇಳತೊಡಗಿದರೆ ಅದು ಕುಕ್ಕರಿನ ಹಾಗೆ ದಿನಾ ಬೇಕಾದ ಸಾಮಾನು. ಕುಕ್ಕರನ್ನು ಯಾರೂ ಹತ್ತು ತಿಂಗಳು ಬಾಕ್ಸ್‌ನಲ್ಲಿ ಇಡುವುದಿಲ್ಲ. ‘ಓದಿರೋದೇ ಅಲ್ವಾ’ ಅನ್ನುವ ಗಂಡನಿಗೆ ನಾನು ವಾದ ಮಾಡಿ ಉತ್ತರ ಕೊಡುವುದಿಲ್ಲ. ಅವರು ಅಕ್ಕಿರೊಟ್ಟಿಯನ್ನೂ ಮೊದಲು ತಿಂದಿದ್ದಾರೆ.

ಬಾಕ್ಸ್ ಬಿಚ್ಚಲು ಇನ್ನೂ ಒಂದು ಕಾರಣ ಇದೆ, ಗಂಡನಿಗೆ ಇದನ್ನು ಹೇಳಿದರೆ ಬೇಗ ಒಪ್ಪುತ್ತಾರೆ. ರಟ್ಟು ನೆಲದ ಥಂಡಿ ಹೀರುತ್ತದೆ. ಹೊರಗೋಡೆಗೆ ಒತ್ತಿ ಇಟ್ಟ ಬಾಕ್ಸ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೇ ಇದ್ದರೆ ಕೆಳಗಿನ ಸಾಲಿನ ಪುಸ್ತಕಗಳಿಗೆ ಬೂಸ್ಟು ಹಿಡಿದಿರುತ್ತದೆ. ಕೈ ಹಾಕಿ ನೋಡಿ, ಹಾಳೆ ಮೆತ್ತಗಾಗಿದ್ದರೆ ಶುರುವಾಗಿದೆ ಅಂತ ಅರ್ಥ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ, ಒಳಗಿನ ಥಂಡಿ ಒಳಗೇ ಉಳಿಯುತ್ತದೆ. ಮರದ ಬೆಂಚಿನ ಮೇಲೋ ಹಲಗೆಯ ಮೇಲೋ ಇಡಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು. ಬೂಸ್ಟು ಬಂದದ್ದನ್ನು ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ತೆರೆದಿಡಿ. ಅತ್ತೆ ಮಲಗುವ ರೂಮಿಗೆ ನುಸಿಗುಳಿಗೆ ಬೇಡ, ಆ ವಾಸನೆ ಅವರಿಗೆ ಒಳ್ಳೆಯದಲ್ಲ. ಒಣಗಿಸಿದ ಬೇವಿನ ಎಲೆಯೋ ಲಕ್ಕಿಸೊಪ್ಪೋ ಸಾಕು. ಲಕ್ಕಿಸೊಪ್ಪು ಎಲ್ಲಿ ಸಿಗುತ್ತದೆ ಅಂತ ಅತ್ತೆಯನ್ನೇ ಕೇಳಿ, ಹೇಳಲು ಅವರಿಗೂ ಖುಷಿ. ಕಪಾಟು ಆಮೇಲೆ ನೋಡೋಣ. ಹೊಸ ಮನೆಯ ಪ್ಲಾನಿನಲ್ಲಿ ಪುಸ್ತಕಕ್ಕೆ ಜಾಗ ಹಾಕಿದ್ದಾರಾ ಅಂತ ಮಾತ್ರ ಗೋಡೆ ಏಳುವ ಮೊದಲೇ ವಿಚಾರಿಸಿಕೊಳ್ಳಿ. ಟಿವಿಗೆ ಹಾಕಿರುತ್ತಾರೆ, ಅದರ ಚಿಂತೆ ಬೇಡ.

ಮದುಮಗಳು ಮುಗಿದ ಮೇಲೆ ಯಾವುದು ಅಂತ ಅತ್ತೆ ಕೇಳಿಯೇ ಕೇಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ನಾ. ಡಿಸೋಜ ಅವರ ‘ದ್ವೀಪ’ ಇದೆ. ಒಳ್ಳೆಯ ಕಾದಂಬರಿ, ಆದರೆ ಈ ವರ್ಷ ಬೇಡ. ಅಣೆಕಟ್ಟಿನ ನೀರು ಏರಿ ಏರಿ ಬಂದು ಒಂದು ಸಂಸಾರದ ಮನೆ ಸುತ್ತುವರಿಯುವ ಕತೆಯನ್ನು, ಮಳೆಗಾಲದಲ್ಲಿ, ಸ್ವಂತ ಮನೆ ಕೆಡವಿ ಬಂದವರಿಗೆ ಓದಿ ಹೇಳುವುದು ಕ್ರೂರ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿ. ತೀರ್ಥಹಳ್ಳಿಯಲ್ಲೇ ಹುಟ್ಟಿದವರು ಬರೆದ ಒಬ್ಬ ಬಾಲವಿಧವೆಯ ಕತೆ, ಅತ್ತೆ ಅಂಥ ಒಬ್ಬರನ್ನಾದರೂ ಕಣ್ಣಾರೆ ಕಂಡಿರುತ್ತಾರೆ. ಅವರು ಹೇಳುತ್ತಾ ಹೋದರೆ ನೀವು ಓದುವುದನ್ನು ನಿಲ್ಲಿಸಿ ಕೇಳಿ. ಮಗ ಮೊಬೈಲು ಹಿಡಿದು ಮೂಲೆಯಲ್ಲಿ ಕೂತರೆ ತೇಜಸ್ವಿಯವರ ‘ಕರ್ವಾಲೊ’ ತೆಗೆಯಿರಿ. 1980ರದ್ದು, ಆದರೂ ಎಂಟನೇ ಕ್ಲಾಸಿನ ಹುಡುಗನಿಗೆ ಅದಕ್ಕಿಂತ ಸರಿಯಾದದ್ದು ನನಗೆ ಗೊತ್ತಿಲ್ಲ. ಹಾರುವ ಓತಿ ಇದೆ, ಜೇನು ಇದೆ, ಕಾಡು ಇದೆ. ಅದರಲ್ಲೂ ಒಂದು ನಾಯಿ ಇದೆ, ಹೆಸರು ಕಿವಿ. ಅತ್ತೆಗೆ ಅನ್ನ ಹಾಕಲು ಇನ್ನೊಂದು ಸಿಕ್ಕಿತು.

ಸಂಜೆ ನಾದಿನಿಯ ಫೋನ್ ಬಂದರೆ ಸ್ಪೀಕರ್ ಹಾಕಿ ಅತ್ತೆಯ ಕೈಗೇ ಕೊಡಿ. ಕತೆ ಎಲ್ಲಿಗೆ ಬಂತು ಅಂತ ಅವರೇ ಮಗಳಿಗೆ ಹೇಳಲಿ. ಇನ್ನು ಮದುಮಗಳು ಕೊನೆಯ ಅಧ್ಯಾಯ. ನೀವು ಓದಿದ್ದೀರಿ, ತುಂಗೆಯ ದಡದಲ್ಲಿ ಹುಲಿಯನಿಗೆ ಏನಾಗುತ್ತದೆ ಅಂತ ಗೊತ್ತು. ನಾನು ಇಲ್ಲಿ ಹೇಳುವುದಿಲ್ಲ. ಅದನ್ನು ರಾತ್ರಿ ಓದಬೇಡಿ. ಭಾನುವಾರ ಮಧ್ಯಾಹ್ನ, ಮಗ ಮೊಮ್ಮಕ್ಕಳು ಎಲ್ಲ ಮನೆಯಲ್ಲಿ ಇರುವಾಗ ಓದಿ.